ಎರಡಾಣೆಯ ಗುಡ್ಡ: ಮಣಿಪಾಲದಲ್ಲಿ ಒಂದು ದಿನ

ಇಯರ್‌ಫೋನ್ ಹಾಕಿಕೊಂಡು ಬಸ್ಸಲ್ಲಿ ಕೂತವರಿಗೆ, ಹಾಸ್ಟೆಲ್ ರೂಮಲ್ಲಿ ಬಟ್ಟೆ ಮಡಚ್ತಾ ಕೇಳ್ತಾ ಇರುವವರಿಗೆ, ಎಲ್ಲರಿಗೂ ಸ್ವಾಗತ. ಊರಿಂದ ಊರಿಗೆ ಹೋಗಿ ಅಲ್ಲಿನ ಹಳೇ ಕಥೆ ಹೇಳುವುದು ನಮ್ಮ ಕೆಲಸ. ಈ ಸಲ ದೂರ ಹೋಗಲಿಲ್ಲ. ನನ್ನ ಮನೆಯಿಂದ ಬಸ್ಸಲ್ಲಿ ಹತ್ತು ನಿಮಿಷದ ದಾರಿ ಅಷ್ಟೇ. ಊರು ಮಣಿಪಾಲ.

ಫೋನ್ ತೆಗೆದು 'ಮಣಿಪಾಲದಲ್ಲಿ ನೋಡುವ ಜಾಗಗಳು' ಅಂತ ಹುಡುಕಿ. ಎಂಡ್ ಪಾಯಿಂಟ್, ಮಣ್ಣಪಳ್ಳ ಕೆರೆ, ಅನಾಟಮಿ ಮ್ಯೂಸಿಯಂ, ಹೆರಿಟೇಜ್ ವಿಲೇಜ್, ಆಮೇಲೆ ಒಂದಿಷ್ಟು ಕೆಫೆಗಳು. ಪಟ್ಟಿ ಸರಿಯಾಗಿಯೇ ಉಂಟು. ಆದರೆ ಆ ಪಟ್ಟಿ ಓದಿದರೆ ಈ ಊರು ಯಾರೋ ಒಂದು ದಿನ ಆಕಾಶದಿಂದ ಇಳಿಸಿ ಇಟ್ಟ ಹಾಗೆ ಕಾಣ್ತದೆ. ಅದೇ ಜಾಗಗಳನ್ನು ಒಂದೊಂದಾಗಿ ನೋಡುತ್ತಾ, ಇಲ್ಲಿಗೆ ದುಡ್ಡು ಎಲ್ಲಿಂದ ಬಂತು, ಯಾರು ಒಳಗೆ ಬಂದರು, ಯಾರು ಹೊರಗೆ ಉಳಿದರು ಅಂತ ಇವತ್ತು ಕೇಳುವ.

ಈ ಪ್ರಶ್ನೆ ನನಗೆ ಬಂದದ್ದು ಒಂದು ಬಿಸ್ಕತ್ತಿನ ಡಬ್ಬಿಯಿಂದ. ನಮ್ಮ ಮನೆ ಪರ್ಕಳದಲ್ಲಿ. ಉಡುಪಿಯಿಂದ ಹಿರಿಯಡಕದ ಕಡೆ ಹೋಗುವಾಗ ಮಣಿಪಾಲ ದಾಟಿದ ಮೇಲೆ ಸಿಗುವ ಊರು. ನಮ್ಮ ಅಜ್ಜಿ ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ಎಲೆ, ತಂಬಾಕು, ನೂಲು. ವಾರಕ್ಕೊಮ್ಮೆ ಬ್ರಾಂಚಿಗೆ ಹೋಗಿ ಬೀಡಿ ಕೊಟ್ಟು ದುಡ್ಡು ತರುವುದು. ಅಜ್ಜಿ ತೀರಿಹೋದ ಮೇಲೆ ಅವರ ಡಬ್ಬಿ ತೆಗೆದು ನೋಡಿದರೆ ರೇಷನ್ ಕಾರ್ಡು, ಅಜ್ಜನದ್ದೊಂದು ಫೋಟೋ, ಮತ್ತೆ ರಬ್ಬರ್ ಬ್ಯಾಂಡ್ ಹಾಕಿದ ಪಿಗ್ಮಿ ಕಾರ್ಡುಗಳ ಕಟ್ಟು. ದಿನಕ್ಕೆ ಐದು ರೂಪಾಯಿ, ಹತ್ತು ರೂಪಾಯಿ. ಪ್ರತಿ ಸಾಲಿನ ಕೊನೆಗೂ ಒಂದು ಸಣ್ಣ ಸಹಿ.

ಪಿಗ್ಮಿ ಅಂದರೆ ಎಂತ ಅಂತ ಗೊತ್ತಿಲ್ಲದವರು ಇದ್ದರೆ, ಬನ್ನಿ, ಮೊದಲ ಸ್ಟಾಪ್ ಅದೇ.

ಸ್ಟಾಪ್ ಒಂದು: ಟೈಗರ್ ಸರ್ಕಲ್

ಉಡುಪಿಯಿಂದ ಸಿಟಿ ಬಸ್ಸು ಹತ್ತಿದರೆ ಐದಾರು ಕಿಲೋಮೀಟರ್. ಬಸ್ಸು ಏರು ಹತ್ತಿ ಟೈಗರ್ ಸರ್ಕಲ್‌ನಲ್ಲಿ ನಿಲ್ತದೆ. ಇಳಿದು ಒಂದು ನಿಮಿಷ ಕಿವಿ ಕೊಡಿ. ಕಂಡಕ್ಟರ್ ತುಳುವಿನಲ್ಲಿ ಕೂಗ್ತಾರೆ, ಅಂಗಡಿಯವರು ಕೊಂಕಣಿಯಲ್ಲಿ ಮಾತಾಡ್ತಾರೆ, ಸ್ಟೂಡೆಂಟ್ಸ್ ಹಿಂದಿಯಲ್ಲಿ ಆಟೋ ರೇಟ್ ಕೇಳ್ತಾರೆ, ಆಟೋದವರು ಅಷ್ಟೇ ಚೆನ್ನಾಗಿ ಹಿಂದಿಯಲ್ಲೇ ಉತ್ತರ ಕೊಡ್ತಾರೆ.

ಇದೇ ಊರಲ್ಲಿ ಸಿಂಡಿಕೇಟ್ ಬ್ಯಾಂಕಿನ ಪ್ರಧಾನ ಕಚೇರಿ ಇತ್ತು. ಮುಂಬೈ ಅಲ್ಲ, ದಿಲ್ಲಿ ಅಲ್ಲ, ಬೆಂಗಳೂರೂ ಅಲ್ಲ. 1969ರ ಜುಲೈ 19ರಂದು ಕೇಂದ್ರ ಸರ್ಕಾರ 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿತಲ್ಲ, ಆ ಹದಿನಾಲ್ಕರಲ್ಲಿ ಇದೂ ಒಂದು. ದೇಶ ಪೂರ್ತಿ ಶಾಖೆಗಳಿದ್ದ ಬ್ಯಾಂಕಿನ ಹೆಡ್ಡಾಫೀಸು ಒಂದು ಮುರಕಲ್ಲು ಗುಡ್ಡದ ಮೇಲೆ.

ಅದು ಶುರುವಾದದ್ದು 1925ರಲ್ಲಿ, ಉಡುಪಿಯಲ್ಲಿ. ಆಗಿನ ಹೆಸರು ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಶುರು ಮಾಡಿದವರು ಮೂವರು. ವ್ಯಾಪಾರಿ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಶ್ರೀನಿವಾಸ ಕುಡ್ವ, ಡಾಕ್ಟರ್ ಟಿ.ಎಂ.ಎ. ಪೈ. ಬಂಡವಾಳ 8,000 ರೂಪಾಯಿ. ಕೈಮಗ್ಗ ಕುಸಿದು ಕಷ್ಟದಲ್ಲಿದ್ದ ನೇಕಾರರಿಗೆ ಸಾಲ ಕೊಡಬೇಕು ಅನ್ನುವುದು ಮೊದಲ ಉದ್ದೇಶ.

ಸಾಲ ಕೊಡಬೇಕಾದರೆ ಮೊದಲು ಠೇವಣಿ ಬೇಕಲ್ಲ. ದೊಡ್ಡ ದುಡ್ಡಿನವರು ಎಷ್ಟು ಮಂದಿ ಇದ್ದಾರು? ಹಾಗಾಗಿ 1928ರಲ್ಲಿ ಒಂದು ಯೋಜನೆ ಬಂತು. ಪಿಗ್ಮಿ ಡೆಪಾಸಿಟ್. ಬ್ಯಾಂಕಿನ ಏಜೆಂಟ್ ದಿನಾ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬರ್ತಾರೆ. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬರೆದುಕೊಂಡು ಹೋಗ್ತಾರೆ.

ಲೆಕ್ಕ ಹಾಕುವ. ರೂಪಾಯಿಗೆ 16 ಆಣೆ. ದಿನಕ್ಕೆ ಎರಡರಂತೆ 365 ದಿನಕ್ಕೆ 730 ಆಣೆ. ಅಂದರೆ 45 ರೂಪಾಯಿ 10 ಆಣೆ, ಬಡ್ಡಿ ಬಿಟ್ಟು. ಒಂದು ದಿನದ್ದು ನೋಡಿದರೆ ಏನೂ ಅಲ್ಲ. ಒಂದು ಇಡೀ ಜಿಲ್ಲೆಯದ್ದು ಸೇರಿಸಿದರೆ ಬ್ಯಾಂಕ್ ಆಗ್ತದೆ. ಮೀನು ಮಾರುವವರು, ಹೂವಿನವರು, ಹೋಟೆಲಿನವರು, ಅಮೇಲಾಮೇಲೆ ನಮ್ಮ ಅಜ್ಜಿಯಂಥ ಬೀಡಿಯವರು. ಬ್ಯಾಂಕಿನ ಮೆಟ್ಟಿಲು ಹತ್ತಲಿಕ್ಕೆ ಹೆದರುವವರ ಹತ್ತಿರ ಬ್ಯಾಂಕೇ ನಡೆದುಕೊಂಡು ಬಂತು.

ಈಗ ಫೋನಲ್ಲಿ ದಿನಕ್ಕೆ ಇಪ್ಪತ್ತು ರೂಪಾಯಿ ಉಳಿಸಿ ಅಂತ ಆ್ಯಪ್‌ಗಳು ಬರ್ತವಲ್ಲ, ಅದರ ಅಜ್ಜ ಇದು. ಒಂದೇ ವ್ಯತ್ಯಾಸ, ಆಗ ನೋಟಿಫಿಕೇಶನ್ ಬದಲು ಒಬ್ಬ ಮನುಷ್ಯ ಬರುತ್ತಿದ್ದ. ನಮ್ಮ ಮನೆಗೆ ಬರುತ್ತಿದ್ದವರನ್ನು ನಾವು ಮಕ್ಕಳು 'ಪಿಗ್ಮಿ ಮಾಮ' ಅಂತಲೇ ಕರೆಯುತ್ತಿದ್ದೆವು. ಸಂಜೆ ಆರಕ್ಕೆ ಸೈಕಲ್ ಬೆಲ್ ಕೇಳಿದ ಕೂಡಲೇ ಅಜ್ಜಿ ಸೀರೆ ಸೆರಗಿನ ಗಂಟು ಬಿಚ್ಚುತ್ತಿದ್ದರು. ಅವತ್ತು ದುಡ್ಡು ಇಲ್ಲದಿದ್ದರೆ, 'ಇವತ್ತು ಚಾ ಮಾತ್ರ, ನಾಳೆ ಎರಡು ದಿನದ್ದು ಒಟ್ಟಿಗೆ' ಅಂತ ಹೇಳುವುದು. ಮಾಮ ಚಾ ಕುಡಿದು ಹೋಗುವುದು.

ಆ ಮಾಮಂದಿರಿಗೆ ಸಂಬಳ ಇರಲಿಲ್ಲ, ಸಂಗ್ರಹಿಸಿದ್ದರ ಮೇಲೆ ಕಮಿಷನ್. ಹಾಗಾದರೆ ಅವರು ಬ್ಯಾಂಕಿನ ಕೆಲಸಗಾರರಾ, ಅಲ್ಲವಾ? ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2001ರಲ್ಲಿ ಕೋರ್ಟ್ ಹೇಳಿತು: ಹೌದು, ಇವರು ಕೆಲಸಗಾರರೇ, ಆ ಕಮಿಷನ್ನೇ ಅವರ ಕೂಲಿ. ಆದರೆ ಬ್ಯಾಂಕಿನ ಖಾಯಂ ನೌಕರರ ಸಾಲಿಗೆ ಅವರನ್ನು ಸೇರಿಸಲಿಕ್ಕೆ ಆಗುವುದಿಲ್ಲ. ಇವತ್ತು ಫುಡ್ ಡೆಲಿವರಿ ಹುಡುಗರ ಬಗ್ಗೆ ನಾವು ಮಾಡುವ ಜಗಳ ಇದೆಯಲ್ಲ, ಅದನ್ನು ನಮ್ಮ ಪಿಗ್ಮಿ ಮಾಮಂದಿರು ಮೊದಲೇ ಮಾಡಿ ಮುಗಿಸಿದ್ದರು.

ಸ್ಟಾಪ್ ಎರಡು: ಅನಾಟಮಿ ಮ್ಯೂಸಿಯಂ

ಸರ್ಕಲ್‌ನಿಂದ ಮುಂದೆ ಕ್ಯಾಂಪಸ್ ಕಡೆಗೆ ನಡೆಯುವ. ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಅನಾಟಮಿ ಮ್ಯೂಸಿಯಂಗೆ ಸಾರ್ವಜನಿಕರೂ ಹೋಗಬಹುದು. ಸಮಯ ಮಾತ್ರ ಮೊದಲೇ ವಿಚಾರಿಸಿಕೊಳ್ಳಿ. ಒಳಗೆ ಆನೆಯ ಅಸ್ಥಿಪಂಜರ ಉಂಟು, ಕಾಳಿಂಗ ಸರ್ಪದ್ದೂ ಉಂಟು. ಆಮೇಲೆ ಗಾಜಿನ ಜಾಡಿಗಳ ಸಾಲು. ಮನುಷ್ಯನ ಹೃದಯ, ಮೆದುಳು, ಮೂತ್ರಪಿಂಡ, ರೋಗ ಹಿಡಿದ ಅಂಗಗಳು. ದೇಹ ಹೀಗೆಲ್ಲ ಇರ್ತದಾ ಅಂತ ಒಂದು ಸಲ ತಲೆ ತಿರುಗ್ತದೆ. ಹೊಟ್ಟೆ ತುಂಬಾ ಊಟ ಮಾಡಿ ಹೋಗಬೇಡಿ, ಅಷ್ಟೇ.

ನಾನು ಇದೇ ಊರಿನ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಹುಟ್ಟಿದವಳು. ಆದರೆ ಕಾಲೇಜಿನ ಒಳಗೆ ಕಾಲಿಟ್ಟದ್ದು ಹೈಸ್ಕೂಲಿನಲ್ಲಿ, ಈ ಮ್ಯೂಸಿಯಂ ನೋಡಲಿಕ್ಕೆ. ಶ್ವಾಸಕೋಶದ ಜಾಡಿಯ ಎದುರು ನಿಂತಾಗ ತಂಬಾಕಿನ ಧೂಳಿಗೆ ಅಜ್ಜಿ ಕೆಮ್ಮುವುದು ನೆನಪಾಯಿತು. ನನ್ನ ಹಾಗೆ ಈ ಊರಿನ ಸುತ್ತಮುತ್ತ ತುಂಬಾ ಮಂದಿ ಉಂಟು. ಆಸ್ಪತ್ರೆಯ ಗೇಟು ಗೊತ್ತುಂಟು, ಕಾಲೇಜಿನ ಗೇಟು ಗೊತ್ತಿಲ್ಲ.

ಕಾಲೇಜು ಬಂದದ್ದು ಹೇಗೆ? ಅದೇ ಟಿ.ಎಂ.ಎ. ಪೈ. ಪೂರ್ತಿ ಹೆಸರು ತೋನ್ಸೆ ಮಾಧವ ಅನಂತ ಪೈ. ಹುಟ್ಟಿದ್ದು 1898ರಲ್ಲಿ, ಪಕ್ಕದ ಕಲ್ಯಾಣಪುರದಲ್ಲಿ. ಮದ್ರಾಸಿನಲ್ಲಿ ಡಾಕ್ಟರಿ ಓದಿ ಊರಿಗೆ ಬಂದವರು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಶುರು ಮಾಡಿದರು. 1949ರಲ್ಲಿ ಉಡುಪಿಯಲ್ಲಿ ಎಂ.ಜಿ.ಎಂ. ಕಾಲೇಜು. 1953ರಲ್ಲಿ ಮಣಿಪಾಲದಲ್ಲಿ ಮೆಡಿಕಲ್ ಕಾಲೇಜು, 1957ರಲ್ಲಿ ಇಂಜಿನಿಯರಿಂಗ್ ಕಾಲೇಜು.

1953ನ್ನು ಸ್ವಲ್ಪ ನಿಂತು ನೋಡಬೇಕು. ಸ್ವಾತಂತ್ರ್ಯ ಬಂದು ಆರು ವರ್ಷ. ನಮ್ಮ ದಕ್ಷಿಣ ಕನ್ನಡ ಆಗ ಮದ್ರಾಸ್ ರಾಜ್ಯದಲ್ಲಿತ್ತು. ಕರಾವಳಿಯ ಹುಡುಗನೋ ಹುಡುಗಿಯೋ ಡಾಕ್ಟರ್ ಆಗಬೇಕಾದರೆ ದೂರದ ಊರಿಗೆ ಹೋಗಬೇಕು. ಸೀಟುಗಳೋ ಬೆರಳೆಣಿಕೆ. ಸರ್ಕಾರದ ಹತ್ತಿರ ಹೊಸ ಕಾಲೇಜು ಕಟ್ಟುವಷ್ಟು ದುಡ್ಡಿಲ್ಲ. ವೆಲ್ಲೂರಿನಂಥ ಕಡೆ ಮಿಷನ್‌ನವರ ಕಾಲೇಜು ಇತ್ತು, ನಿಜ. ಆದರೆ ಸರ್ಕಾರದ ದುಡ್ಡೂ ಇಲ್ಲ, ಮಿಷನ್ನಿನ ದುಡ್ಡೂ ಇಲ್ಲ, ಸೇರುವ ವಿದ್ಯಾರ್ಥಿಗಳ ಮನೆಯವರು ಕೊಡುವ ಹಣದಿಂದಲೇ ಮೆಡಿಕಲ್ ಕಾಲೇಜು ನಡೆಸುವುದು ಅಂದರೆ ಆಗ ಹೊಸ ಮಾತು.

ಇನ್ನೊಂದು ಕಷ್ಟ ಇತ್ತು. ಡಾಕ್ಟರ್ ಆಗಲಿಕ್ಕೆ ರೋಗಿಗಳು ಬೇಕು. ಗುಡ್ಡದ ಮೇಲೆ ಆಗ ದೊಡ್ಡ ಆಸ್ಪತ್ರೆ ಇರಲಿಲ್ಲ. ಅದಕ್ಕೆ ಮಾಡಿದ ಉಪಾಯ: ಮೊದಲ ವರ್ಷಗಳ ಪಾಠ ಮಣಿಪಾಲದಲ್ಲಿ, ಆಮೇಲಿನ ಕಲಿಕೆ ಮಂಗಳೂರಿನಲ್ಲಿ. ವೆನ್‌ಲಾಕ್ ಮತ್ತು ಲೇಡಿ ಗೋಶನ್, ಎರಡೂ ಸರ್ಕಾರಿ ಆಸ್ಪತ್ರೆಗಳು. ಖಾಸಗಿ ಕಾಲೇಜಿನ ಹುಡುಗರು ಕಲಿತದ್ದು ಸರ್ಕಾರಿ ವಾರ್ಡಿನಲ್ಲಿ ಮಲಗಿದ ಬಡವರ ಮೈಮೇಲೆ. ಇದನ್ನು ಬಯ್ಯಲಿಕ್ಕೆ ಹೇಳುತ್ತಿಲ್ಲ. ಆ ವಾರ್ಡುಗಳಿಗೆ ಡಾಕ್ಟರುಗಳೂ ಬಂದರಲ್ಲ. ಆದರೆ ಒಂದು ಊರು ಬೆಳೆಯುವಾಗ ಯಾರ್ಯಾರು ಏನೇನು ಕೊಟ್ಟರು ಅಂತ ಬರೆದಿಡುವ ಪುಸ್ತಕದಲ್ಲಿ ಈ ರೋಗಿಗಳ ಹೆಸರೂ ಇರಬೇಕು ಅಂತ ನನಗೆ ಅನಿಸ್ತದೆ.

ಸ್ಟಾಪ್ ಮೂರು: ಒಂದು ಬೆಂಚು, ಒಂದು ಚಾ

ಇಲ್ಲಿ ನೋಡಲಿಕ್ಕೆ ಏನೂ ಇಲ್ಲ. ಯಾವುದಾದರೂ ಕ್ಯಾಂಟೀನಲ್ಲಿ ಕೂತು ಒಂದು ಪ್ಲೇಟ್ ಗೋಳಿಬಜೆ ಹೇಳಿ, ಇಲ್ಲವಾದರೆ ಬನ್ಸ್. ಬನ್ಸ್ ಅಂದರೆ ಬೇಕರಿಯ ಬನ್ನು ಅಲ್ಲ ಮಾರಾಯ್ರೆ, ಬಾಳೆಹಣ್ಣು ಹಾಕಿ ಕಲಸಿ ಎಣ್ಣೆಯಲ್ಲಿ ಕರಿದದ್ದು. ತಿನ್ನುತ್ತಾ ಈ ಮಾತು ಕೇಳಿ.

ಒಬ್ಬರೇ ಮನುಷ್ಯ ಎರಡು ರೀತಿಯಲ್ಲಿ ದುಡ್ಡು ಒಟ್ಟುಮಾಡಿದ್ದನ್ನು ಗಮನಿಸಿದಿರಾ? ಬ್ಯಾಂಕಿಗೆ ಸಾವಿರಾರು ಮಂದಿಯಿಂದ ಎರಡೆರಡು ಆಣೆ. ಕಾಲೇಜಿಗೆ ಕೆಲವೇ ಕುಟುಂಬಗಳಿಂದ ದೊಡ್ಡ ದೊಡ್ಡ ಮೊತ್ತ. ಬ್ಯಾಂಕಿನ ಲೆಕ್ಕ ಬೇರೆ, ಕಾಲೇಜಿನ ಲೆಕ್ಕ ಬೇರೆ. ಅಜ್ಜಿಯ ಪಿಗ್ಮಿಯಲ್ಲೇ ಕಾಲೇಜು ಕಟ್ಟಿದರು ಅಂತ ನಾನು ಹೇಳುವುದಿಲ್ಲ. ಆದರೆ ಒಂದೇ ಗುಡ್ಡದ ಮೇಲೆ ಈ ಎರಡು ದಾರಿಗಳೂ ಬಂದು ಸೇರಿದವು. ಒಂದು ದಾರಿಯಲ್ಲಿ ಬಡವರಿಗೆ ಬಾಗಿಲು ತೆರೆಯಿತು. ಇನ್ನೊಂದರಲ್ಲಿ ಊರಿಗೆ ಕಾಲೇಜು ಬಂತು, ಆದರೆ ಆ ಬಾಗಿಲಿಗೆ ಒಂದು ಬೆಲೆ ಇತ್ತು.

ಆ ಬೆಲೆಯ ಹೆಸರು ಆಮೇಲೆ ದೇಶಕ್ಕೆಲ್ಲ ಪರಿಚಯ ಆಯಿತು. ಡೊನೇಶನ್, ಕ್ಯಾಪಿಟೇಶನ್. 1970, 80ರ ದಶಕದಲ್ಲಿ ಕರ್ನಾಟಕದ ತುಂಬಾ ಖಾಸಗಿ ಕಾಲೇಜುಗಳು ಎದ್ದವು. 1984ರಲ್ಲಿ ರಾಜ್ಯ ಸರ್ಕಾರ ಕ್ಯಾಪಿಟೇಶನ್ ಶುಲ್ಕ ನಿಷೇಧ ಮಾಡುವ ಕಾನೂನು ತಂದಿತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣ. ಅದು ಮಣಿಪಾಲದ್ದಲ್ಲ, ರಾಜ್ಯದ ಬೇರೊಂದು ಮೆಡಿಕಲ್ ಕಾಲೇಜಿನದ್ದು. ಅದರಲ್ಲಿ ಸುಪ್ರೀಂ ಕೋರ್ಟ್ ಕ್ಯಾಪಿಟೇಶನ್ ತೆಗೆದುಕೊಳ್ಳುವುದು ಸಂವಿಧಾನಕ್ಕೆ ವಿರುದ್ಧ ಅಂದಿತು.

ಆಮೇಲೆ 2002ರ ಅಕ್ಟೋಬರ್ 31. ಹನ್ನೊಂದು ನ್ಯಾಯಾಧೀಶರ ಪೀಠ. ಪ್ರಕರಣದ ಹೆಸರು 'ಟಿ.ಎಂ.ಎ. ಪೈ ಫೌಂಡೇಶನ್ ಮತ್ತು ಕರ್ನಾಟಕ ಸರ್ಕಾರ'. ಶಾಲೆ, ಕಾಲೇಜು ತೆರೆದು ನಡೆಸುವುದು ಕೂಡ ಸಂವಿಧಾನ ಕೊಟ್ಟ ವೃತ್ತಿಯ ಹಕ್ಕಿನೊಳಗೆ ಬರ್ತದೆ, ಸರ್ಕಾರದ ಅನುದಾನ ಇಲ್ಲದ ಸಂಸ್ಥೆಗೆ ಶುಲ್ಕ, ಪ್ರವೇಶದ ವಿಷಯದಲ್ಲಿ ಸ್ವಾತಂತ್ರ್ಯ ಇರಬೇಕು, ಆದರೆ ಕ್ಯಾಪಿಟೇಶನ್ ಮತ್ತು ಲಾಭಕೋರತನ ಸಲ್ಲದು ಅಂತ ಕೋರ್ಟ್ ಹೇಳಿತು. ಇವತ್ತಿಗೂ ದೇಶದ ಯಾವ ಖಾಸಗಿ ಕಾಲೇಜಿನ ಶುಲ್ಕದ ಜಗಳ ಬಂದರೂ ವಕೀಲರು ಮೊದಲು ತೆಗೆಯುವುದು ಈ ತೀರ್ಪನ್ನೇ. ನೀವು ಲಾ ಓದುತ್ತಿದ್ದರೆ ಈ ಹೆಸರು ಪರೀಕ್ಷೆಗೆ ಬಂದೇ ಬರ್ತದೆ.

ನೋಡಿ, 2001ರಲ್ಲಿ ಪಿಗ್ಮಿ ಮಾಮ, 2002ರಲ್ಲಿ ಕಾಲೇಜು. ಎರಡು ವರ್ಷದಲ್ಲಿ ಎರಡು ತೀರ್ಪು, ಎರಡರ ಬೇರೂ ಇದೇ ಗುಡ್ಡದಲ್ಲಿ.

ಈ ಬೆಲೆಯ ವಿಷಯ ನಮ್ಮ ಮನೆಯೊಳಗೂ ಒಮ್ಮೆ ಬಂತು. ನನ್ನ ಅಕ್ಕ ಪಿಯುಸಿಯಲ್ಲಿ ಒಳ್ಳೆ ಮಾರ್ಕ್ಸ್ ತೆಗೆದಿದ್ದಳು. ಒಂದು ಖಾಸಗಿ ಕಾಲೇಜಿನ ಫೀಸಿನ ಕಾಗದ ಮನೆಗೆ ಬಂತು. ಎಲ್ಲಿಯದ್ದು ಅನ್ನುವುದು ಮುಖ್ಯ ಅಲ್ಲ, ಆಗ ಎಲ್ಲ ಕಡೆಯದ್ದೂ ಹಾಗೆಯೇ ಇತ್ತು. ಅಮ್ಮ ಅದನ್ನು ಎರಡು ಸಲ ಓದಿ, ಮಡಚಿ, ದೇವರ ಫೋಟೋದ ಹಿಂದೆ ಇಟ್ಟರು. ಅಜ್ಜಿ ಏನೂ ಕೇಳಲಿಲ್ಲ. ಮಾರನೇ ದಿನ ಪಿಗ್ಮಿ ಮಾಮ ಬಂದಾಗ, 'ಒಟ್ಟು ಎಷ್ಟಾಗಿದೆ, ಒಮ್ಮೆ ಕೂಡಿಸಿ ಹೇಳಿ' ಅಂದರು. ಮಾಮ ಕೂಡಿಸಿ ಹೇಳಿದರು. ಅಕ್ಕ ಬೇರೆ ಕಡೆ ಬಿ.ಎಸ್ಸಿ. ನರ್ಸಿಂಗ್ ಸೇರಿದಳು. ಅದರ ಮೊದಲ ವರ್ಷದ ಫೀಸು ಹೋದದ್ದು ಅಜ್ಜಿಯ ಪಿಗ್ಮಿಯಿಂದ.

ಅಂದರೆ ಆ ಹಣ ಸಾಲಲಿಲ್ಲ ಅಂತ ಹೇಳಬೇಕೋ, ಸಾಕಾಯಿತು ಅಂತ ಹೇಳಬೇಕೋ ನನಗೆ ಇವತ್ತಿಗೂ ತೀರ್ಮಾನ ಆಗಿಲ್ಲ. ಅಕ್ಕನನ್ನು ಕೇಳಿದರೆ, 'ನನಗೆ ಕೆಲಸ ಉಂಟಲ್ಲ, ನೀನು ಪಾಡ್‌ಕಾಸ್ಟ್ ಮಾಡು' ಅಂತಾಳೆ.

ಸ್ಟಾಪ್ ನಾಲ್ಕು: ಹೆರಿಟೇಜ್ ವಿಲೇಜ್

ಚಾ ಮುಗಿಯಿತಾ? ಆಟೋ ಹಿಡಿದು ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗೆ ಹೋಗುವ. ಇಲ್ಲಿಗೂ ಹೋಗುವ ಮೊದಲು ತೆರೆದಿರುವ ದಿನ, ಸಮಯ, ಟಿಕೆಟ್ ವಿಚಾರಿಸಿ. ಒಳಗೆ ಗೈಡ್ ಜೊತೆ ಸುತ್ತಬೇಕು, ಎರಡು ಮೂರು ಗಂಟೆ ಕೈಯಲ್ಲಿ ಇಟ್ಟುಕೊಳ್ಳಿ.

ಇದನ್ನು ಕಟ್ಟಿದವರು ವಿಜಯನಾಥ ಶೆಣೈ. ರಾಜನೂ ಅಲ್ಲ, ಉದ್ಯಮಿಯೂ ಅಲ್ಲ, ಸಿಂಡಿಕೇಟ್ ಬ್ಯಾಂಕಿನ ಒಬ್ಬ ನೌಕರ. ಕೆಡವುತ್ತಿದ್ದ ಹಳೇ ಮನೆಗಳ ಕಂಬ, ಬಾಗಿಲು, ಮರದ ಕೆತ್ತನೆ ಗುಜರಿಗೆ ಹೋಗುವುದನ್ನು ನೋಡಲಾರದೆ ಅದನ್ನೆಲ್ಲ ಒಟ್ಟುಮಾಡಲಿಕ್ಕೆ ಶುರುಮಾಡಿದರು. ಮೊದಲು ಅವುಗಳಿಂದ ತಮ್ಮ ಮನೆಯನ್ನೇ ಕಟ್ಟಿದರು. ಅದನ್ನು ನೋಡಲಿಕ್ಕೆ ಜನ ಬರತೊಡಗಿದರು. ಆಮೇಲೆ ಇಡೀ ಮನೆಗಳನ್ನೇ ಬಿಚ್ಚಿ, ತಂದು, ಇಲ್ಲಿ ಮತ್ತೆ ಜೋಡಿಸುವ ಕೆಲಸ. ಕುಕನೂರಿನ ಕಮಲ ಮಹಲ್, ಹುಮನಾಬಾದಿನ ನವಾಬರ ಮಹಲ್, ಮುಧೋಳ ಅರಮನೆಯ ದರ್ಬಾರ್ ಹಾಲ್, ಕಾರ್ಕಳದ ಹತ್ತಿರದ ಮಿಯಾರಿನ ಮನೆ, ಭಟ್ಕಳದ ನವಾಯತರ ಮನೆ. ಕರ್ನಾಟಕದ ಉತ್ತರದಿಂದ ಕರಾವಳಿವರೆಗೆ ಒಂದು ಬೇಲಿಯೊಳಗೆ. ಶೆಣೈಯವರು 2017ರಲ್ಲಿ ತೀರಿಕೊಂಡರು.

ಮನೆಗಳು ಚಂದ ಉಂಟು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಷ್ಟೊಂದು ದೊಡ್ಡ ಮನೆಗಳು ಒಂದೇ ಕಾಲದಲ್ಲಿ ಬೀಳಲಿಕ್ಕೆ ಶುರುವಾದದ್ದು ಯಾಕೆ? ಕೂಡುಕುಟುಂಬ ಒಡೆಯಿತು, ಮಕ್ಕಳು ಮುಂಬೈ, ಗಲ್ಫ್ ಅಂತ ಹೋದರು. ನಮ್ಮ ಕರಾವಳಿಯಲ್ಲಿ ಇನ್ನೊಂದು ದೊಡ್ಡ ಕಾರಣ ಉಂಟು. 1974ರ ಭೂಸುಧಾರಣೆ. ಉಳುವವನೇ ಹೊಲದೊಡೆಯ. ಗೇಣಿಗೆ ಗದ್ದೆ ಮಾಡುತ್ತಿದ್ದವರು ಡಿಕ್ಲರೇಶನ್ ಕೊಟ್ಟರು, ಜಾಗ ಅವರದ್ದಾಯಿತು. ಗೇಣಿ ಅಕ್ಕಿ ಬರುವುದು ನಿಂತ ಮೇಲೆ ಅಷ್ಟು ದೊಡ್ಡ ಮನೆಯ ಮಾಡಿಗೆ ಪ್ರತಿ ಮಳೆಗಾಲದ ಮೊದಲು ಹಂಚು ಹಾಕಿಸುವವರು ಯಾರು?

ನಮ್ಮ ಅಜ್ಜಿಯ ಮನೆಗೆ ಮೂವತ್ತು ಸೆಂಟ್ಸ್ ಜಾಗ ಸಿಕ್ಕಿದ್ದು ಹಾಗೆಯೇ. ಅಜ್ಜಿಯನ್ನು ಒಮ್ಮೆ ಹೆರಿಟೇಜ್ ವಿಲೇಜ್‌ಗೆ ಕರಕೊಂಡು ಹೋಗಿದ್ದೆ. ಗೈಡ್ ಚಾವಡಿಯ ಕಂಬ ತೋರಿಸುತ್ತಾ ಇದ್ದರು, ನಾವೆಲ್ಲ ಫೋಟೋ ತೆಗೆಯುತ್ತಾ ಇದ್ದೆವು. ಅಜ್ಜಿ ಮಾತ್ರ ಅಂಗಳದಲ್ಲೇ ನಿಂತಿದ್ದರು.

'ಒಳಗೆ ಬನ್ನಿ ಅಜ್ಜಿ' ಅಂದೆ.

'ನಾವು ಇಂಥ ಮನೆಗೆ ಹೋಗುದಾದ್ರೆ ಇಲ್ಲಿ ತನಕ ಮಗಾ' ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಒಳಗೆ ಬಂದು, ಕಂಬ ಮುಟ್ಟಿ ನೋಡಿ, 'ಹಲಸಿನದ್ದು. ಒಳ್ಳೆ ಮರ' ಅಂದರು.

ಹಾಗಾಗಿ ಹೆರಿಟೇಜ್ ವಿಲೇಜ್‌ಗೆ ಹೋದಾಗ ಚಾವಡಿಯಲ್ಲಿ ಸೆಲ್ಫಿ ತೆಗೆಯಿರಿ, ಬೇಡ ಅನ್ನುವುದಿಲ್ಲ. ಒಂದು ಸಲ ಅಂಗಳಕ್ಕೂ ಬಂದು ನಿಲ್ಲಿ. ಆ ಮನೆ ಅಲ್ಲಿಂದ ಹೇಗೆ ಕಾಣ್ತದೆ ಅಂತ ನೋಡಿ.

ಸ್ಟಾಪ್ ಐದು: ಮಣ್ಣಪಳ್ಳ

ಸಂಜೆ ನಾಲ್ಕರ ಮೇಲೆ ಕೆರೆಯ ಕಡೆ ನಡೆಯಿರಿ. ಹೆಸರಿನಲ್ಲೇ ಊರು ಉಂಟು. ತುಳುವಿನಲ್ಲಿ ಪಳ್ಳ ಅಂದರೆ ಕೆರೆ, ಹೊಂಡ. ಮಣ್ಣಿನ ಪಳ್ಳ ಮಣ್ಣಪಳ್ಳ. ಅದೇ ಬಾಯಿಂದ ಬಾಯಿಗೆ, ಇಂಗ್ಲಿಷ್ ಕಾಗದದಿಂದ ಕಾಗದಕ್ಕೆ ಹೋಗಿ ಮಣಿಪಾಲ ಆಯಿತು. ಈ ಹೆಸರಲ್ಲಿ ಮಣಿಯೂ ಇಲ್ಲ, ಪಾಲನೆಯೂ ಇಲ್ಲ. ಮಣ್ಣು, ನೀರು ಅಷ್ಟೇ.

ಈಗ ಸುತ್ತ ನಡೆಯುವ ದಾರಿ ಇದೆ. ಬೆಳಿಗ್ಗೆ, ಸಂಜೆ ವಾಕಿಂಗ್‌ನವರು, ಜಾಗಿಂಗ್‌ನ ಸ್ಟೂಡೆಂಟ್ಸ್, ಬೆಳ್ಳಕ್ಕಿ, ನೀರುಕಾಗೆ. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು. ಜಿಲ್ಲಾಧಿಕಾರಿ ಕಚೇರಿ ಇರುವ ರಜತಾದ್ರಿ ಕೂಡ ಮಣಿಪಾಲದಲ್ಲೇ. ಪತ್ರಿಕೆಯೂ ಇಲ್ಲಿಂದಲೇ. 'ಉದಯವಾಣಿ' 1970ರಿಂದ ಈ ಗುಡ್ಡದಲ್ಲಿ ಅಚ್ಚಾಗುತ್ತಿದೆ. ಕಾಲೇಜುಗಳು ಸೇರಿ 1993ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯ ಆದವು. ಬ್ಯಾಂಕು, ಆಸ್ಪತ್ರೆ, ವಿಶ್ವವಿದ್ಯಾಲಯ, ಪತ್ರಿಕೆ, ಜಿಲ್ಲಾ ಕಚೇರಿ. ಎಪ್ಪತ್ತು ವರ್ಷದಲ್ಲಿ ಇಷ್ಟೆಲ್ಲ ಹತ್ತಿದ ಊರಿಗೆ ಹೆಸರು ಕೊಟ್ಟದ್ದು ಈ ಒಂದು ಮಣ್ಣಿನ ಹೊಂಡ.

ಮೈಕ್ರೋಸಾಫ್ಟ್‌ನ ಸತ್ಯ ನಾಡೆಲ್ಲಾ ಓದಿದ ಊರು ಅಂತ ಎಲ್ಲರೂ ಹೇಳ್ತಾರೆ. ಹೌದು, 1988ರಲ್ಲಿ ಇಲ್ಲಿಂದ ಇಂಜಿನಿಯರಿಂಗ್ ಮುಗಿಸಿ ಹೋದವರು. ಅಂಥವರ ಹೆಸರು ಎಲ್ಲ ಕಡೆ ಬರ್ತದೆ, ಬರಲಿ. ಆದರೆ ಆ ಮಕ್ಕಳಿಗೆ ರೂಮು ಬಾಡಿಗೆಗೆ ಕೊಟ್ಟವರು, ಮೆಸ್ಸಿನಲ್ಲಿ ಅನ್ನ ಬಡಿಸಿದವರು, ಹಾಸ್ಟೆಲ್ ಗುಡಿಸಿದವರು, ರಾತ್ರಿ ಹನ್ನೆರಡಕ್ಕೆ ಆಟೋ ಓಡಿಸಿದವರು ಇರುವುದು ಸುತ್ತಲಿನ ಊರುಗಳಲ್ಲಿ. ಪರ್ಕಳ, ಹೆರ್ಗ, ಅಲೆವೂರು, ಇಂದ್ರಾಳಿ. ಕಾಲೇಜಿನ ಗೇಟು ದಾಟದೇ ಕಾಲೇಜಿನಿಂದಲೇ ಬದುಕು ಕಟ್ಟಿಕೊಂಡವರು.

ಕೊನೆಯ ಸ್ಟಾಪ್: ಎಂಡ್ ಪಾಯಿಂಟ್

ಹೆಸರಿನ ಹಾಗೆಯೇ ರಸ್ತೆ ಇಲ್ಲಿಗೆ ಮುಗಿಯುತ್ತದೆ. ಸೂರ್ಯ ಮುಳುಗುವ ಮೊದಲೇ ಹೋಗಿ. ಗುಡ್ಡದ ಅಂಚಿನಲ್ಲಿ ನಿಂತರೆ ಕೆಳಗೆ ಸ್ವರ್ಣಾ ನದಿ, ತೆಂಗಿನ ತೋಟ, ದೂರದಲ್ಲಿ ಘಟ್ಟದ ಸಾಲು. ಜೂನ್‌ನಿಂದ ಸೆಪ್ಟೆಂಬರ್ ತನಕ ಹೋದರೆ ನದಿ ಕಾಣುವುದೋ ಇಲ್ಲವೋ, ಮಳೆ ಮಾತ್ರ ಗ್ಯಾರಂಟಿ. ಅಕ್ಟೋಬರ್ ಆದಮೇಲೆ ಒಳ್ಳೆಯದು.

ಆ ನದಿಯ ನೀರೇ ಉಡುಪಿ, ಮಣಿಪಾಲಕ್ಕೆ ಕುಡಿಯಲಿಕ್ಕೆ. ಹಿರಿಯಡಕದ ಹತ್ತಿರ ಬಜೆಯಲ್ಲಿ ಅಣೆಕಟ್ಟು ಉಂಟು. ಇಷ್ಟು ಮಳೆ ಬೀಳುವ ಊರಲ್ಲೂ 2019ರ ಮೇ ತಿಂಗಳಲ್ಲಿ ಬಜೆ ಬತ್ತಿತ್ತು, ಟ್ಯಾಂಕರ್ ನೀರಿಗೆ ಕಾಯಬೇಕಾಗಿತ್ತು. ಗುಡ್ಡದ ಮೇಲೆ ಎಷ್ಟೇ ಕಟ್ಟಿದರೂ ನೀರು ಕೆಳಗಿನ ಹೊಳೆಯಿಂದಲೇ ಹತ್ತಿ ಬರಬೇಕು.

ಇಲ್ಲಿ ಕೂತು ನಾನು ಯೋಚನೆ ಮಾಡುವುದು ಒಂದೇ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಲಾಕ್‌ಡೌನ್‌ನ ಗಲಾಟೆಯಲ್ಲಿ ಯಾರೂ ಸರಿಯಾಗಿ ಗಮನಿಸಲಿಲ್ಲ. ಅದೇ ದಿನ, ಉಡುಪಿಯಲ್ಲೇ 1906ರಲ್ಲಿ ಹಾಜಿ ಅಬ್ದುಲ್ಲಾ ಅವರು ಕಟ್ಟಿದ ಕಾರ್ಪೊರೇಶನ್ ಬ್ಯಾಂಕ್ ಕೂಡ ಯೂನಿಯನ್ ಬ್ಯಾಂಕಿನೊಳಗೆ ಹೋಯಿತು. ಪರ್ಕಳದಲ್ಲಿ ಬೋರ್ಡು ಬದಲಾದದ್ದನ್ನು ನೋಡಿ ಅಜ್ಜಿ ಕೇಳಿದ್ದರು: 'ನಮ್ಮ ದುಡ್ಡು ಎಲ್ಲಿಗೆ ಹೋಯ್ತು ಮಗಾ?'

'ಎಲ್ಲಿಗೂ ಹೋಗ್ಲಿಲ್ಲ ಅಜ್ಜಿ, ಹೆಸರು ಮಾತ್ರ ಬದಲು' ಅಂದಿದ್ದೆ. ಅವರ ಖಾತೆಯ ಮಟ್ಟಿಗೆ ಅದು ಸರಿ. ಆದರೆ ಈಗ ಈ ಕಲ್ಲಿನ ಮೇಲೆ ಕೂತಾಗ ಆ ಪ್ರಶ್ನೆ ಬೇರೆ ಥರ ಕೇಳಿಸ್ತದೆ. ಎರಡಾಣೆ ಕೊಟ್ಟವರಿಗೆ ಪಾಸ್‌ಬುಕ್ ಸಿಕ್ಕಿತು, ಬಡ್ಡಿ ಸಿಕ್ಕಿತು, ಕಷ್ಟಕ್ಕೆ ಸಾಲ ಸಿಕ್ಕಿತು. ಹತ್ತಿರದಲ್ಲೇ ಆಸ್ಪತ್ರೆ ಬಂತು, ನಾನು ಹುಟ್ಟಿದೆ. ಇದೆಲ್ಲ ಸಣ್ಣದಲ್ಲ. ಆದರೆ ದುಡ್ಡು ಉಳಿಸಲಿಕ್ಕೆ ಬಾಗಿಲಿಗೇ ಬರುವ ಮಾಮನನ್ನು ಯೋಚಿಸಿದ ಊರು, ಓದಲಿಕ್ಕೆ ಕೂಡ ಹಾಗೆ ಬಾಗಿಲಿಗೇ ಬರುವ ಒಂದು ದಾರಿಯನ್ನು ಯೋಚಿಸಬಹುದಿತ್ತಲ್ಲ? ದಿನಕ್ಕೆ ಎರಡಾಣೆಯಂತೆ ಒಂದು ಸೀಟು. ಇದು ಮಣಿಪಾಲಕ್ಕೆ ಮಾತ್ರ ಕೇಳುವ ಪ್ರಶ್ನೆ ಅಲ್ಲ. ಇಲ್ಲಿಂದ ಕಲಿತು ಖಾಸಗಿ ಕಾಲೇಜು ಕಟ್ಟಿದ ಇಡೀ ದೇಶಕ್ಕೆ ಕೇಳಬೇಕಾದದ್ದು.

ಹಾಗಾದರೆ ನಿಮ್ಮ ಪಟ್ಟಿಗೆ ನಾನು ಸೇರಿಸುವುದು ಇಷ್ಟು. ಮಣಿಪಾಲಕ್ಕೆ ಹೋಗಿ. ಮ್ಯೂಸಿಯಂ ನೋಡಿ, ಹಳೇ ಮನೆ ನೋಡಿ, ಕೆರೆ ಸುತ್ತಿ, ಸೂರ್ಯ ಮುಳುಗುವುದನ್ನು ನೋಡಿ, ವಾಪಸ್ ಬರುವಾಗ ಉಡುಪಿಯಲ್ಲಿ ಒಂದು ಗಡ್‌ಬಡ್ ತಿನ್ನಿ. ಜೊತೆಗೆ ಒಂದು ಕೆಲಸ. ಆಟೋದವರ ಹತ್ತಿರವೋ, ಚಾ ಕೊಟ್ಟ ಅಕ್ಕನ ಹತ್ತಿರವೋ ಕೇಳಿ: 'ನಿಮ್ಮ ಮನೆಯಲ್ಲಿ ಯಾರಾದರೂ ಪಿಗ್ಮಿ ಕಟ್ಟುತ್ತಿದ್ದರಾ?' ಈ ಊರಿನ ನಿಜವಾದ ಮ್ಯೂಸಿಯಂ ಅಲ್ಲಿಂದ ಶುರುವಾಗ್ತದೆ. ಟಿಕೆಟ್ ಬೇಡ, ಟೈಮ್ ಇದ್ದರೆ ಸಾಕು.

ನಿಮ್ಮ ಮನೆಯಲ್ಲೂ ಅಂಥ ಒಂದು ಡಬ್ಬಿ ಇದ್ದರೆ, ಅದರೊಳಗಿನ ಕಥೆಯನ್ನು ವಾಯ್ಸ್ ನೋಟ್ ಮಾಡಿ ನಮಗೆ ಕಳಿಸಿ. ಮುಂದಿನ ವಾರ ಇನ್ನೊಂದು ಊರು, ಇನ್ನೊಂದು ಕಥೆ. ಅಲ್ಲಿ ತನಕ, ಸಿಗುವ.